ಧಾರವಾಡದ ರೂಮಿನಲ್ಲಿ ಮೂವರು, ಒಂದೇ ಒಲೆ: ಕಡಿಮೆ ಖರ್ಚಿನಲ್ಲಿ ಸರಿಯಾದ ಊಟ ಹೇಗೆ?

ರೋಣದ ಹುಡುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯ ರೋಣ ತಾಲ್ಲೂಕಿನವನು. ಈ ವರ್ಷ ಧಾರವಾಡದಲ್ಲಿ ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೇರಿದ್ದೇನೆ. ಹಾಸ್ಟೆಲ್ ಸಿಗಲಿಲ್ಲ. ನಮ್ಮ ಕಡೆಯವರೇ ಆದ ಇನ್ನಿಬ್ಬರ ಜೊತೆ ಸಪ್ತಾಪುರದಲ್ಲಿ ಒಂದು ರೂಮು ಹಿಡಿದಿದ್ದೇನೆ.

ಮೊದಲು ಖಾನಾವಳಿಗೆ ಹೋಗುತ್ತಿದ್ದೆವು. ಒಂದು ಊಟಕ್ಕೆ 70 ರೂಪಾಯಿ. ಎರಡು ಹೊತ್ತು ಉಂಡರೆ ತಿಂಗಳಿಗೆ 4,200 ಆಗುತ್ತದೆ. ಅಪ್ಪ ಕಳುಹಿಸುವುದು 5,000. ಅದರಲ್ಲಿ ಬಾಡಿಗೆಯ ಪಾಲೇ 1,500 ಹೋಗುತ್ತದೆ. ಹಾಗಾಗಿ ಈಗ ಮಧ್ಯಾಹ್ನ ಮಾತ್ರ ಖಾನಾವಳಿ, ರಾತ್ರಿ ಚಹಾ ಮತ್ತು ಬಿಸ್ಕಿಟ್, ಇಲ್ಲವೇ ನೂಡಲ್ಸ್. ಎರಡು ತಿಂಗಳಲ್ಲಿ ನಾಲ್ಕು ಕೆಜಿ ಇಳಿದಿದ್ದೇನೆ. ಮಧ್ಯಾಹ್ನದ ಪ್ರಯೋಗಾಲಯದಲ್ಲಿ ನಿಂತಲ್ಲೇ ಕಣ್ಣು ಎಳೆಯುತ್ತದೆ.

ವಾರಕ್ಕೊಮ್ಮೆ ಅವ್ವ ಬಸ್ಸಿನಲ್ಲಿ ಬುತ್ತಿ ಕಳುಹಿಸುತ್ತಾಳೆ. ಜೋಳದ ಕಟಿ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಒಮ್ಮೊಮ್ಮೆ ಗುರೆಳ್ಳು ಹಿಂಡಿ ಇರುತ್ತದೆ. ಆದರೆ ಪಲ್ಲೆ ಇಲ್ಲದೆ ಬರೀ ರೊಟ್ಟಿ ಹಿಂಡಿ ಎರಡು ದಿನಕ್ಕಿಂತ ಹೆಚ್ಚು ಗಂಟಲಲ್ಲಿ ಇಳಿಯುವುದಿಲ್ಲ. ಮಳೆಗಾಲದಲ್ಲಿ ರೊಟ್ಟಿ ಮೆತ್ತಗಾಗಿ ಬೂಸು ಹಿಡಿದು ಕೆಲವನ್ನು ಎಸೆಯಬೇಕಾಯಿತು. ಅವ್ವನ ಕೈಯ ರೊಟ್ಟಿ ಎಸೆಯುವಾಗ ಬಹಳ ಸಂಕಟವಾಯಿತು.

ಈಗ ರೂಮಿನಲ್ಲೇ ಅಡುಗೆ ಮಾಡಿಕೊಳ್ಳಬೇಕು ಎಂದು ಮೂವರೂ ನಿಶ್ಚಯಿಸಿದ್ದೇವೆ. ಮಾಲೀಕರು ಗ್ಯಾಸ್ ಬೇಡ, ಕರೆಂಟಿನ ಒಲೆಯಾದರೆ ಇಟ್ಟುಕೊಳ್ಳಿ ಎಂದಿದ್ದಾರೆ. ಫ್ರಿಜ್ ಇಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ತರಗತಿ. ಮೂವರಿಗೂ ಚಹಾ ಬಿಟ್ಟು ಬೇರೇನೂ ಮಾಡಲು ಬರುವುದಿಲ್ಲ. ಒಬ್ಬ ಮೊಟ್ಟೆ ತಿನ್ನುವುದಿಲ್ಲ. ಅವ್ವನಿಗೆ ಫೋನ್ ಮಾಡಿ ಎಷ್ಟು ಕಾಳು, ಎಷ್ಟು ನೀರು ಎಂದು ಕೇಳಿದರೆ "ಅಂದಾಜಿಗೆ ಹಾಕಬೇಕು" ಎನ್ನುತ್ತಾಳೆ. ಆ ಅಂದಾಜು ಎಷ್ಟು ಎಂಬುದೇ ನನಗೆ ಗೊತ್ತಿಲ್ಲ. ಯಾರಾದರೂ ಅಳತೆ ಸಮೇತ ತಿಳಿಸಿ ಎಂದು ಬೇಡಿಕೊಳ್ಳುತ್ತೇನೆ.


ನವಲಗುಂದದ ಅಕ್ಕ

ತಮ್ಮಾ, ನಿನ್ನ ಪ್ರಶ್ನೆಯನ್ನು ರಾತ್ರಿ ಓದಿದೆ. ಬೆಳಿಗ್ಗೆ ಎದ್ದ ಕೂಡಲೇ ಉತ್ತರ ಬರೆಯಲು ಕುಳಿತೆ. ನಾನೂ ನನ್ನ ತಂಗಿಯೂ 2009ರಿಂದ ಐದು ವರ್ಷ ಅದೇ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಓದಿದವರು. ಈಗ ಹಾವೇರಿಯಲ್ಲಿ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುತ್ತೇನೆ. ಮೊದಲ ವರ್ಷ ನಾವೂ ನಿನ್ನ ಹಾಗೆಯೇ ಉಂಡೆವು. ಅನ್ನ, ತಿಳಿಸಾರು, ಮೂರು ಹೊತ್ತು ಚಹಾ. ಪರೀಕ್ಷೆಯ ಹೊತ್ತಿಗೆ ನನಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8 ಇತ್ತು. ವೈದ್ಯರು ಚೀಟಿ ಬರೆಯುವ ಮೊದಲು ಕೇಳಿದ್ದು ಒಂದೇ ಮಾತು: "ನಿಮ್ಮ ಊರಲ್ಲಿ ಕಾಳು ಬೆಳೆಯುವುದಿಲ್ಲವೇ?" ಆ ಮಾತು ನನ್ನನ್ನು ಬಹಳ ದಿನ ಕಾಡಿತು. ನಮ್ಮ ಹೊಲದಲ್ಲೇ ಹೆಸರು, ಕಡಲೆ ಬೆಳೆಯುತ್ತಿದ್ದರು. ಮನೆಯಲ್ಲಿ ಚೀಲ ತುಂಬ ಇತ್ತು. ರೂಮಿನಲ್ಲಿ ಮಾತ್ರ ಒಂದು ಹಿಡಿಯೂ ಇರಲಿಲ್ಲ.

ಹಾಗಾಗಿ ನಾನು ಹೇಳುವುದು ಇದು. ಅನ್ನದಿಂದ ಅಡುಗೆ ಶುರು ಮಾಡಬೇಡ, ಕಾಳಿನಿಂದ ಶುರು ಮಾಡು. ರೂಮಿನ ಹುಡುಗರು ಮೊದಲು ಅನ್ನಕ್ಕೆ ಇಡುತ್ತಾರೆ, ಆಮೇಲೆ ಇದಕ್ಕೆ ಏನು ಕಲಸಿಕೊಳ್ಳೋಣ ಎಂದು ಹುಡುಕುತ್ತಾರೆ, ಕೊನೆಗೆ ಉಪ್ಪಿನಕಾಯಿಯಲ್ಲಿ ಮುಗಿಸುತ್ತಾರೆ. ನಿನಗೆ ಅದರ ಅಗತ್ಯವೇ ಇಲ್ಲ. ಬುತ್ತಿ ಬರುತ್ತಿದೆಯಲ್ಲ! ರೊಟ್ಟಿ ಬಡಿಯುವುದಕ್ಕೆ ವರ್ಷಗಟ್ಟಲೆ ಕೈ ಪಳಗಬೇಕು. ಹಿಂಡಿ ಕುಟ್ಟುವುದಕ್ಕೆ ಅರ್ಧ ದಿನ ಬೇಕು. ಆ ಎರಡೂ ಕಷ್ಟದ ಕೆಲಸಗಳನ್ನು ನಿಮ್ಮ ಅವ್ವ ಮುಗಿಸಿ ಕಳುಹಿಸುತ್ತಿದ್ದಾರೆ. ಉಳಿದದ್ದು ದಿನಕ್ಕೊಂದು ಕಾಳಿನ ಪಲ್ಲೆ, ಒಂದಿಷ್ಟು ತಪ್ಪಲು, ಅಂದರೆ ಸೊಪ್ಪು. ಅದನ್ನು ಒಂದೇ ಕುಕ್ಕರಿನಲ್ಲಿ ಮಾಡಬಹುದು.

ಈಗ ನೀನು ಕೇಳಿದ ಅಂದಾಜಿನ ಲೆಕ್ಕ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಹೊರತಂದ ಶಿಫಾರಸಿನ ಪ್ರಕಾರ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕೆಜಿಗೆ 0.83 ಗ್ರಾಂ ಪ್ರೋಟೀನ್ ಬೇಕು. ನೀನು 55 ಕೆಜಿ ಇದ್ದೀಯೆ ಎಂದುಕೊಂಡರೆ 46 ಗ್ರಾಂ. ಜೋಳದ ಹಿಟ್ಟಿನಲ್ಲಿ 100 ಗ್ರಾಂಗೆ ಸುಮಾರು 10 ಗ್ರಾಂ ಪ್ರೋಟೀನ್ ಇದೆ. ದಿನಕ್ಕೆ ನಾಲ್ಕೈದು ತೆಳು ರೊಟ್ಟಿಯಲ್ಲಿ ಸುಮಾರು 140 ಗ್ರಾಂ ಹಿಟ್ಟು ಎಂದರೆ 14 ಬಂತು. ಒಬ್ಬರ ಪಾಲಿಗೆ 65 ಗ್ರಾಂ ಒಣ ಕಾಳು ಹಾಕಿದರೆ 14ರಿಂದ 15. ಎರಡು ಚಮಚ ಹಿಂಡಿ, ಒಂದು ಹಿಡಿ ಶೇಂಗಾ ಸೇರಿ 30 ಗ್ರಾಂ ಶೇಂಗಾ ಆದರೆ 7. ಒಂದು ಲೋಟ ಹಾಲಿನಲ್ಲೋ ಮೊಸರಿನಲ್ಲೋ 6. ಇನ್ನು 4 ಗ್ರಾಂ ಮಾತ್ರ ಉಳಿಯಿತು. ಒಂದು ಮೊಟ್ಟೆಯಲ್ಲಿ 6 ಗ್ರಾಂ ಸಿಗುತ್ತದೆ. ಮೊಟ್ಟೆ ತಿನ್ನದವನು ಒಂದು ಹಿಡಿ ಪುಟಾಣಿ (ಹುರಿಗಡಲೆ) ತಿಂದರೆ ಸಾಕು. ನೋಡು, ಈ ಲೆಕ್ಕದಲ್ಲಿ ಕೊಂಡು ತರಬೇಕಾದ ದುಬಾರಿ ಪದಾರ್ಥ ಒಂದೂ ಇಲ್ಲ.

ಮೊದಲು ಮಡಿಕೆ ಕಾಳಿನ ಪಲ್ಲೆ ಕಲಿತುಕೋ. ಮೂವರಿಗೆ 200 ಗ್ರಾಂ ಕಾಳು. ರಾತ್ರಿ ಮಲಗುವ ಮೊದಲು ಎರಡು ಸಲ ತೊಳೆದು, ಕಾಳಿನ ಮೂರು ಪಟ್ಟು ನೀರಿನಲ್ಲಿ ನೆನೆಹಾಕು. ಬೆಳಿಗ್ಗೆ ನೀರು ಬಸಿದು, ತೊಳೆದ ಹಳೆಯ ಹತ್ತಿ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಪಾತ್ರೆಯಲ್ಲಿಟ್ಟು ಮುಚ್ಚಿ ಕಾಲೇಜಿಗೆ ಹೋಗು. ಸಂಜೆ ಗಂಟು ಬಿಚ್ಚಿದರೆ ಅರ್ಧ ಇಂಚಿನ ಬಿಳಿ ಮೊಳಕೆ ಬಟ್ಟೆಯ ಎಳೆಗಳ ನಡುವಿನಿಂದ ಹೊರಗೆ ಇಣುಕುತ್ತಿರುತ್ತದೆ. ಚಳಿಗಾಲದಲ್ಲಿ ಧಾರವಾಡದ ಥಂಡಿಗೆ ಇನ್ನೊಂದು ರಾತ್ರಿ ಬೇಕಾಗುತ್ತದೆ, ಆಗ ಗಂಟಿನ ಮೇಲೆ ನೀರು ಚಿಮುಕಿಸುತ್ತಿರಬೇಕು. ಹುಳಿ ವಾಸನೆ ಬಂದರೆ, ಬೆರಳಿಗೆ ಲೋಳೆ ಹತ್ತಿದರೆ ಮುಲಾಜಿಲ್ಲದೆ ಚೆಲ್ಲಿಬಿಡು.

ಕುಕ್ಕರಿನಲ್ಲೇ ಎರಡು ಚಮಚ ಎಣ್ಣೆ ಕಾಯಿಸಿ ಸಾಸಿವೆ, ಜೀರಿಗೆ ಸಿಡಿಸು. ಜಜ್ಜಿದ ಆರೇಳು ಎಸಳು ಬಳ್ಳೊಳ್ಳಿ, ಹೆಚ್ಚಿದ ಒಂದು ದೊಡ್ಡ ಉಳ್ಳಾಗಡ್ಡಿ ಹಾಕು. ಉಳ್ಳಾಗಡ್ಡಿಯ ಅಂಚು ಕಂದು ಬಣ್ಣಕ್ಕೆ ತಿರುಗಿದ ಮೇಲೆ ಅರಿಶಿನ, ಒಂದೂವರೆ ಚಹಾ ಚಮಚ ಕೆಂಪು ಖಾರ, ಉಪ್ಪು, ಮೊಳಕೆ ಕಾಳು ಎಲ್ಲವನ್ನೂ ಹಾಕಿ ಕೈಯಾಡಿಸು. ಒಂದೂವರೆ ಲೋಟ ನೀರು ಹಾಕಿ ಮುಚ್ಚಳ ಹಾಕಿ ಒಂದೇ ಸೀಟಿ ಹೊಡೆಸು. ಮೊಳಕೆ ಬಂದ ಮಡಿಕೆ ಬಹಳ ಬೇಗ ಬೇಯುತ್ತದೆ, ಎರಡನೆಯ ಸೀಟಿಗೆ ಕಾಳು ಕರಗಿ ಹಿಟ್ಟಾಗುತ್ತದೆ. ಒತ್ತಡ ತಾನಾಗಿ ಇಳಿದ ಮೇಲೆ ತೆಗೆದು ಎರಡು ದೊಡ್ಡ ಚಮಚ ಶೇಂಗಾ ಹಿಂಡಿ ಹಾಕಿ ಒಂದು ಕುದಿ ಬರಿಸು. ಇದು ನನ್ನ ತಂಗಿ ಕಂಡುಕೊಂಡ ದಾರಿ. ಹುರಿದು ಪುಡಿ ಮಾಡುವ ಕೆಲಸವಿಲ್ಲ, ಬುತ್ತಿಯ ಹಿಂಡಿಯೇ ರಸವನ್ನು ಮಂದ ಮಾಡುತ್ತದೆ, ಮನೆಯ ಮಸಾಲೆಯ ವಾಸನೆಯೂ ರೂಮು ತುಂಬುತ್ತದೆ. ಕಟಿ ರೊಟ್ಟಿಯನ್ನು ಮುರಿದು ಆ ಬಿಸಿ ರಸದಲ್ಲಿ ಅದ್ದಿ ಎರಡು ನಿಮಿಷ ಬಿಟ್ಟು ತಿನ್ನು. ಹೆಸರು, ಅಲಸಂದಿ, ಹುರುಳಿ ಎಲ್ಲಕ್ಕೂ ಇದೇ ದಾರಿ, ಸೀಟಿ ಮಾತ್ರ ಬೇರೆ. ಹುರುಳಿಗೆ ನಾಲ್ಕೈದು ಬೇಕು.

ಇಲ್ಲಿ ಹಾವೇರಿಯಲ್ಲಿ ಮೊನ್ನೆ ಮಡಿಕೆ ಕಾಳಿಗೆ ಕೆಜಿಗೆ 120 ಕೊಟ್ಟೆ. 200 ಗ್ರಾಂಗೆ 24 ರೂಪಾಯಿ. ಉಳ್ಳಾಗಡ್ಡಿ, ಎಣ್ಣೆ, ಖಾರ ಸೇರಿದರೂ ಮೂವರ ಪಲ್ಲೆಗೆ 40 ದಾಟುವುದಿಲ್ಲ.

ತಪ್ಪಲನ್ನು ವಾರದಲ್ಲಿ ನಾಲ್ಕು ದಿನವಾದರೂ ತಿನ್ನಲೇಬೇಕು. ಸಂಜೆ ಸೂಪರ್ ಮಾರ್ಕೆಟ್ ಕಡೆ ಹೋದರೆ ಮೆಂತ್ಯ, ಪಾಲಕ್, ರಾಜಗಿರಿ, ಸಬ್ಬಸಿಗೆ ರಾಶಿ ಬಿದ್ದಿರುತ್ತದೆ. ಹೊತ್ತು ಮುಳುಗಿದ ಮೇಲೆ ಹೋದರೆ ಹಳ್ಳಿಯಿಂದ ಬಂದ ಅಮ್ಮಂದಿರು ಉಳಿದ ಸಿವುಡನ್ನು ಕಡಿಮೆಗೆ ಕೊಡುತ್ತಾರೆ. ಮೂವರಿಗೆ ಒಂದು ಲೋಟ ಹೆಸರುಬೇಳೆ, ಎರಡು ಸಿವುಡು ತಪ್ಪಲು, ಮೂರು ಲೋಟ ನೀರು, ಅರಿಶಿನ, ಹಸಿಮೆಣಸಿನಕಾಯಿ ಹಾಕಿ ಎರಡು ಸೀಟಿ. ಮೇಲೆ ಬಳ್ಳೊಳ್ಳಿ ಒಗ್ಗರಣೆ. ಹೆಸರುಬೇಳೆಯನ್ನು ನೆನೆಸುವ ಕೆಲಸವೂ ಇಲ್ಲ. ತಟ್ಟೆಗೆ ಹಾಕಿಕೊಂಡ ಮೇಲೆ ನಿಂಬೆಹಣ್ಣು ಹಿಂಡಿಕೋ, ಕುದಿಯುವಾಗ ಹಿಂಡಬೇಡ. ಕಾಳು ತಪ್ಪಲುಗಳಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನಿಂಬೆಯ ಸಿ ಜೀವಸತ್ವ ನೆರವಾಗುತ್ತದೆ, ಕಾಯಿಸಿದರೆ ಅದು ನಷ್ಟವಾಗುತ್ತದೆ. ಊಟವಾದ ಕೂಡಲೇ ಚಹಾ ಕುಡಿಯುವುದನ್ನು ಇವತ್ತೇ ಬಿಡು. ಚಹಾದ ಒಗರು ಆ ಕಬ್ಬಿಣವನ್ನು ಹಿಡಿದಿಟ್ಟುಬಿಡುತ್ತದೆ. ಒಂದು ತಾಸು ಬಿಟ್ಟು ಕುಡಿ. ನಾನು 8ರಿಂದ ಮೇಲೆ ಬಂದದ್ದು ವೈದ್ಯರ ಗುಳಿಗೆಯ ಜೊತೆ ಈ ಎರಡು ಪಥ್ಯಗಳಿಂದ.

ಕಾಳು ನೆನೆಹಾಕಲು ಮರೆತ ದಿನ ಜುಣಕ ಮಾಡು. ಒಂದು ಲೋಟ ಕಡಲೆಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿಟ್ಟುಕೋ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಬಳ್ಳೊಳ್ಳಿಯ ಒಗ್ಗರಣೆಗೆ ಇನ್ನೊಂದು ಲೋಟ ನೀರು ಹಾಕಿ ಕುದಿಸಿ, ಅದಕ್ಕೆ ಕಲಸಿದ ಹಿಟ್ಟನ್ನು ಸುರಿಯುತ್ತಾ ಬಿಡದೆ ತಿರುವು. ಉರಿ ತಗ್ಗಿಸಿ ಆರು ನಿಮಿಷ ಮುಚ್ಚಿಡು. ಹಸಿಹಿಟ್ಟಿನ ವಾಸನೆ ಹೋದರೆ ಆಯಿತು. ಬೆಳಿಗ್ಗೆಗೆ ಚುರುಮುರಿ ಸುಸಲಾ: ಒಬ್ಬರಿಗೆ ಮೂರು ಬೊಗಸೆ ಚುರುಮುರಿ, ನೀರಿನಲ್ಲಿ ಅದ್ದಿ ಕೂಡಲೇ ಹಿಂಡಿ, ಶೇಂಗಾ ಹಾಕಿದ ಒಗ್ಗರಣೆಯಲ್ಲಿ ಕಲಸಿ, ಮೇಲೆ ಪುಟಾಣಿ ಹಿಟ್ಟು. ಹತ್ತು ನಿಮಿಷದ ಕೆಲಸ.

ರೊಟ್ಟಿಯ ವಿಷಯ. ಅದು ಬೂಸು ಹಿಡಿದದ್ದಕ್ಕೆ ಮರುಗಬೇಡ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದ ಗಾಳಿಯೇ ಹಸಿ. ಬುತ್ತಿ ಬಂದ ದಿನವೇ ಬಿಚ್ಚಿ, ಒಂದೊಂದೇ ರೊಟ್ಟಿಯನ್ನು ಬಿಸಿ ಹಂಚಿನ ಮೇಲೆ ಎರಡೂ ಕಡೆ ಕಾಯಿಸಿ, ಪೂರ್ತಿ ಆರಿದ ಮೇಲೆ ಒಣ ಬಟ್ಟೆಯಲ್ಲಿ ಸುತ್ತಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡು. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಮತ್ತೆ ಕೆಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಇಡಬೇಡ.

ಅನ್ನ ಮಾಡಿದ ದಿನ ಒಂದು ಹೊತ್ತಿಗೆ ಬೇಕಾದಷ್ಟೇ ಮಾಡು. ಮಧ್ಯಾಹ್ನದ ಅನ್ನವನ್ನು ಹಾಗೆಯೇ ಬಿಟ್ಟು ಮರುದಿನ ಚಿತ್ರಾನ್ನ ಮಾಡುವ ರೂಢಿ ರೂಮುಗಳಲ್ಲಿದೆ. ಅಕ್ಕಿಯಲ್ಲಿರುವ ಒಂದು ಬಗೆಯ ಸೂಕ್ಷ್ಮಾಣುವಿನ ಬೀಜಕಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ಹೊರಗೆ ಉಗುರುಬೆಚ್ಚಗೆ ಉಳಿದಾಗ ಅವು ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ನನ್ನ ಗೆಳತಿಯೊಬ್ಬಳು ಇದೇ ಕಾರಣಕ್ಕೆ ವಾಂತಿಯಾಗಿ ಆಸ್ಪತ್ರೆ ಸೇರಿದ್ದಳು, ಅವಳ ಒಂದು ವಿಷಯದ ಪರೀಕ್ಷೆ ಉಳಿದುಹೋಯಿತು.


ತಂತಿ ಕೆಲಸದವನು, ಹುಬ್ಬಳ್ಳಿ

ಅಕ್ಕನವರು ಊಟದ ಬಗ್ಗೆ ಎಲ್ಲ ಹೇಳಿದ್ದಾರೆ. ನಾನು ಒಲೆಯ ಬಗ್ಗೆ ಹೇಳುತ್ತೇನೆ, ಏಕೆಂದರೆ ರೂಮುಗಳಲ್ಲಿ ಸುಟ್ಟ ಪ್ಲಗ್ಗು ಬದಲಿಸುವುದು ನನ್ನ ದಿನದ ಕೆಲಸ.

ಇಂಡಕ್ಷನ್ ಒಲೆಯನ್ನೇ ತೆಗೆದುಕೊಳ್ಳಿ. ಆದರೆ 1,800ರಿಂದ 2,000 ವ್ಯಾಟಿನ ಒಲೆ ಪೂರ್ತಿ ಉರಿಯಲ್ಲಿ 8ರಿಂದ 9 ಆಂಪಿಯರ್ ಕರೆಂಟು ಎಳೆಯುತ್ತದೆ. ಮೊಬೈಲ್ ಚಾರ್ಜಿಗೆ ಬಳಸುವ ಸಣ್ಣ ಸಾಕೆಟ್ 6 ಆಂಪಿಯರಿನದು. ಅದಕ್ಕೆ ಪರಿವರ್ತಕ ಪಿನ್ನು ಸಿಕ್ಕಿಸಿ, ಇಲ್ಲವೇ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಹಾಕಿ ಎಂದೂ ಬಳಸಬೇಡಿ. ವೈರು ಒಳಗೆ ಕಾದು ಕರಗುವುದು ಹೊರಗೆ ಕಾಣುವುದಿಲ್ಲ. ರೂಮಿನಲ್ಲಿ 16 ಆಂಪಿಯರಿನ ದೊಡ್ಡ ಸಾಕೆಟ್ ಇಲ್ಲದಿದ್ದರೆ ಮಾಲೀಕರನ್ನು ಕೇಳಿ ಹಾಕಿಸಿಕೊಳ್ಳಿ, ಅರ್ತಿಂಗ್ ಸರಿ ಇದೆಯೇ ಎಂದೂ ನೋಡಿಸಿ.

ಅಲ್ಯೂಮಿನಿಯಂ ಕುಕ್ಕರ್ ಇದರ ಮೇಲೆ ಕಾಯುವುದಿಲ್ಲ. ಅಂಗಡಿಗೆ ಹೋಗುವಾಗ ಒಂದು ಚಿಕ್ಕ ಅಯಸ್ಕಾಂತ ಒಯ್ಯಿರಿ. ತಳಕ್ಕೆ ಅಂಟಿದರೆ ಕೊಳ್ಳಿ. ಮೂವರಿಗೆ ಮೂರು ಲೀಟರಿನ ಸ್ಟೀಲ್ ಕುಕ್ಕರ್ ಸಾಕು. ಕಾಳು ಬೇಳೆ ಹಾಕಿದಾಗ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ನೊರೆ ಉಕ್ಕಿ ಹಬೆಯ ತೂತು ಕಟ್ಟಿಕೊಳ್ಳುತ್ತದೆ. ಸಾಮಾನ್ಯ ಅಡುಗೆಗೆ 1,200 ವ್ಯಾಟ್ ಸಾಕು. ದಿನಕ್ಕೆ ಒಂದು ತಾಸು ಉರಿಸಿದರೆ 1.2 ಯೂನಿಟ್, ತಿಂಗಳಿಗೆ 36. ಇದನ್ನು ಮಾಲೀಕರಿಗೆ ಮೊದಲೇ ತಿಳಿಸಿದರೆ ಆಮೇಲೆ ಜಗಳ ಬರುವುದಿಲ್ಲ.


ಕೃಷಿ ಓದುವ ಹುಡುಗಿ

ನಾವು ನಾಲ್ವರು ಹುಡುಗಿಯರು ಎರಡು ವರ್ಷದಿಂದ ರೂಮಿನಲ್ಲಿ ಅಡುಗೆ ಮಾಡಿಕೊಳ್ಳುತ್ತಿದ್ದೇವೆ. ಪಾಕಕ್ಕಿಂತ ಪಾತ್ರೆ ತೊಳೆಯುವುದರಲ್ಲೇ ನಮ್ಮ ಅಡುಗೆ ಎರಡು ಸಲ ನಿಂತುಹೋಗಿತ್ತು. ಈಗ ವಾರದ ಸರದಿ ಇದೆ. ಒಬ್ಬಳು ಸಂತೆ, ಒಬ್ಬಳು ಹೆಚ್ಚಿಕೊಡುವುದು, ಒಬ್ಬಳು ಒಲೆ, ಒಬ್ಬಳು ಪಾತ್ರೆ. ಕುಕ್ಕರನ್ನು ಉಂಡ ಕೂಡಲೇ ತೊಳೆಯಬೇಕು, ಬೆಳಿಗ್ಗೆಗೆ ಬಿಡುವಂತಿಲ್ಲ. ಖರ್ಚನ್ನು ಗೋಡೆಗೆ ತೂಗುಹಾಕಿದ ಪುಸ್ತಕದಲ್ಲಿ ಅಂದೇ ಬರೆಯುತ್ತೇವೆ. ನೀವೂ ಮೊದಲ ದಿನವೇ ಇದನ್ನು ಮಾತಾಡಿಕೊಳ್ಳಿ, ಗೆಳೆತನ ಉಳಿಯುತ್ತದೆ.

ಇನ್ನೊಂದು ಮಾತು. ಮೊಟ್ಟೆ ತಿನ್ನದ ನಿಮ್ಮ ಗೆಳೆಯನಿಗೆ ಸೋಯಾ ಚಂಕ್ಸ್ ಒಳ್ಳೆಯದು. 100 ಗ್ರಾಂನಲ್ಲಿ 50 ಗ್ರಾಂಗೂ ಹೆಚ್ಚು ಪ್ರೋಟೀನ್ ಇದೆ, ಬೆಲೆಯೂ ಕಡಿಮೆ. ಉಪ್ಪು ಹಾಕಿದ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಎರಡು ಸಲ ಚೆನ್ನಾಗಿ ಹಿಂಡಿದರೆ ಹಸಿ ವಾಸನೆ ಹೋಗುತ್ತದೆ. ಒಬ್ಬರಿಗೆ 20 ಗ್ರಾಂ ಸಾಕು.


ರೋಣದ ಹುಡುಗ

ಮೂರು ವಾರವಾಯಿತು. ಎಲ್ಲರಿಗೂ ಮನಸಾರೆ ವಂದನೆಗಳು. ಮಾಲೀಕರು ದೊಡ್ಡ ಸಾಕೆಟ್ ಹಾಕಿಸಿಕೊಟ್ಟರು. ಮಡಿಕೆ ಕಾಳಿನ ಪಲ್ಲೆ ಮೊದಲ ದಿನವೇ ಚೆನ್ನಾಗಿ ಬಂತು. ನನ್ನ ಗೆಳೆಯ ಐದು ರೊಟ್ಟಿ ತಿಂದ. ಮೂರು ವಾರಕ್ಕೆ ಹಾಲು, ಮೊಟ್ಟೆ ಎಲ್ಲ ಸೇರಿ ಒಬ್ಬರಿಗೆ 1,150 ಖರ್ಚಾಗಿದೆ.

ಒಂದು ಕಡೆ ಮಾತ್ರ ಸೋತಿದ್ದೇವೆ. ಕಡಲೆ ಕಾಳು ಬೇಯುತ್ತಲೇ ಇಲ್ಲ, ಅಕ್ಕಾ. ರಾತ್ರಿಯಿಡೀ ನೆನೆಹಾಕಿದೆ. ರುಚಿಗೆಂದು ಮೂರು ಟೊಮೆಟೊ ಹೆಚ್ಚಿ ಹಾಕಿದೆ. ಎಂಟು ಸೀಟಿ ಹೊಡೆಸಿದೆ. ತೆಗೆದು ನೋಡಿದರೆ ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ. ಕಾಳು ಹಳೆಯದೇ ಎಂದು ಅಂಗಡಿಯವರನ್ನು ಕೇಳಿದರೆ ಇದೇ ವರ್ಷದ್ದು ಎಂದರು.


ನವಲಗುಂದದ ಅಕ್ಕ

ಒಂದು ಪ್ರಶ್ನೆ, ತಮ್ಮಾ. ನೆನೆಹಾಕಲು ಯಾವ ನೀರು ಬಳಸಿದೆ? ನಲ್ಲಿಯ ಬೋರ್‌ವೆಲ್ ನೀರೇ? ಬಕೆಟ್ಟಿನ ಅಂಚಿಗೆ ಬಿಳಿಯ ಪದರ ಕಟ್ಟುತ್ತದೆಯೇ?


ರೋಣದ ಹುಡುಗ

ಹೌದು ಅಕ್ಕಾ, ಬೋರ್‌ವೆಲ್ ನೀರು. ಬಕೆಟ್ಟಿಗೂ ಚಹಾದ ಪಾತ್ರೆಗೂ ಬಿಳಿ ಪದರ ಕಟ್ಟಿದೆ. ಕುಡಿಯಲು ಮಾತ್ರ ಬೇರೆ ಕ್ಯಾನಿನ ನೀರು ತರುತ್ತೇವೆ.


ನವಲಗುಂದದ ಅಕ್ಕ

ಹಾಗಾದರೆ ಕಾಳಿನದೂ ತಪ್ಪಲ್ಲ, ನಿನ್ನದೂ ತಪ್ಪಲ್ಲ. ನಿನ್ನ ಪಠ್ಯದಲ್ಲೇ ಇರುವ ಗಡಸು ನೀರು ಇದು. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಬೇಯುವುದು ಎಂದರೆ ಆ ಪೆಕ್ಟಿನ್ ಸಡಿಲವಾಗಿ ಕರಗುವುದು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಪೆಕ್ಟಿನ್ ಎಳೆಗಳನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಬಿಡುತ್ತವೆ. ಅದರ ಮೇಲೆ ನೀನು ಮೂರು ಟೊಮೆಟೊ ಹಾಕಿದೆ. ಹುಳಿಯಿದ್ದರೂ ಪೆಕ್ಟಿನ್ ಬೇಗ ಕರಗುವುದಿಲ್ಲ. ಎರಡೂ ಸೇರಿದ ಮೇಲೆ ಎಂಟಲ್ಲ, ಹನ್ನೆರಡು ಸೀಟಿಗೂ ಅದು ಜಗ್ಗುವುದು ಕಷ್ಟ. ಮೊಳಕೆ ಕಾಳಿನಲ್ಲಿ ನಿನಗೆ ಈ ತೊಂದರೆ ಕಾಣಿಸಲಿಲ್ಲ, ಏಕೆಂದರೆ ಮೊಳೆಯುವಾಗ ಕಾಳು ತನ್ನ ಗೋಡೆಗಳನ್ನು ತಾನೇ ಸಡಿಲಿಸಿಕೊಂಡಿರುತ್ತದೆ.

ಹೀಗೆ ಮಾಡು. ಕಡಲೆಯನ್ನು ಕ್ಯಾನಿನ ನೀರಿನಲ್ಲೇ ನೆನೆಹಾಕು, ಒಂದು ಲೀಟರಿಗೆ ಎರಡು ಚಹಾ ಚಮಚ ಉಪ್ಪು ಬೆರೆಸು. ಉಪ್ಪಿನ ಸೋಡಿಯಂ ಕಾಳಿನೊಳಗಿನ ಕ್ಯಾಲ್ಸಿಯಂ ಜಾಗಕ್ಕೆ ಹೋಗಿ ಕುಳಿತು ಸಿಪ್ಪೆಯನ್ನು ಮೆತ್ತಗೆ ಮಾಡುತ್ತದೆ. ಬೆಳಿಗ್ಗೆ ಆ ನೀರು ಚೆಲ್ಲಿ, ತೊಳೆದು, ಮತ್ತೆ ಕ್ಯಾನಿನ ನೀರಿನಲ್ಲೇ ಬೇಯಿಸು. ಮೊದಲ ಸೀಟಿ ಬರುವವರೆಗೆ ದೊಡ್ಡ ಉರಿ, ಆಮೇಲೆ ತಗ್ಗಿಸಿ ಹದಿನೈದು ನಿಮಿಷ. ಟೊಮೆಟೊ, ಹುಣಸೆಹುಳಿ ಏನಿದ್ದರೂ ಕಾಳು ಬೆರಳಿಗೆ ಹಿಸುಕಿದ ಮೇಲೆಯೇ ಹಾಕು. ನಮ್ಮ ಅವ್ವ ಬೇಳೆ ಬೆಂದ ಮೇಲೆ ಹುಳಿ ಹಾಕುತ್ತಿದ್ದದ್ದು ಏಕೆಂದು ನನಗೆ ಗೊತ್ತಾದದ್ದು ಎಂ.ಎಸ್ಸಿ. ಎರಡನೆಯ ವರ್ಷದಲ್ಲಿ. ಅವ್ವನಿಗೆ ಪೆಕ್ಟಿನ್ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಮೂರು ವಾರದಲ್ಲಿ ತೂಕ ಎಷ್ಟಾಯಿತು? ಅದನ್ನು ಬರೆಯಲು ಮರೆತಿದ್ದೀಯೆ.


ರೋಣದ ಹುಡುಗ

ಒಂದೂವರೆ ಕೆಜಿ ಏರಿದ್ದೇನೆ, ಅಕ್ಕಾ. ಕಡಲೆ ನಿನ್ನೆ ಬೆಂದಿತು, ಬೆರಳಲ್ಲಿ ಒತ್ತಿದರೆ ಬೆಣ್ಣೆಯಂತೆ ಹಿಸುಕಿತು.

ದೀಪಾವಳಿಗೆ ಊರಿಗೆ ಹೋದಾಗ ಒಂದು ಕೆಲಸ ಮಾಡಿದೆ. ಅವ್ವ ಮೂವರಿಗೆ ಎಷ್ಟು ಕಾಳು ಹಾಕುತ್ತಾಳೋ ಅಷ್ಟನ್ನು ಹಿಡಿಯಲ್ಲಿ ತೆಗೆದು ಕೊಡು ಎಂದು ಕೇಳಿದೆ. ನಾಲ್ಕು ಹಿಡಿ ತೆಗೆದು ಬಟ್ಟಲಿಗೆ ಹಾಕಿದಳು. ಅದನ್ನು ಊರಿನ ಕಿರಾಣಿ ಅಂಗಡಿಗೆ ಒಯ್ದು ತೂಗಿಸಿದೆ. 205 ಗ್ರಾಂ ಬಂತು. ಮನೆಗೆ ಬಂದು ಅಕ್ಕ ಹೇಳಿದ ಲೆಕ್ಕ 200 ಎಂದು ತಿಳಿಸಿದಾಗ ಅವ್ವ ಒಂದು ಕ್ಷಣ ಯೋಚಿಸಿ, ಆ ಐದು ಗ್ರಾಂ ಬಂದವರಿಗೆ ಎಂದಳು. ಈ ಸಲದ ಬುತ್ತಿಯಲ್ಲಿ ಎರಡು ಕೆಜಿ ಮಡಿಕೆ ಕಾಳು ಕಟ್ಟಿ ಕಳುಹಿಸಿದ್ದಾಳೆ.